ಗೌರಿಯ ನೂರೆಂಟು ತುಳಸಿ

ಸೆಪ್ಟೆಂಬರ್ 6, ಶನಿವಾರ

ಈ ಪುಸ್ತಕ ಕೊಟ್ಟಿದ್ದು ಗಿಡಕ್ಕೆ ನೀರು ಹಾಕಿದ್ದು ಬರೆದಿಡೋಕೆ. ಕೊಟ್ಟವನು ನರೇಂದ್ರ, ಬನಶಂಕರಿ ಹಸಿರು ಬಳಗದ ಕಾರ್ಯದರ್ಶಿ, ರಿಟೈರ್ಡ್ ಇಂಜಿನಿಯರು. ನೀರು ಹಾಕೋಕ್ಕೂ ಟೈಮ್ ಟೇಬಲ್ ಬೇಕು ಅನ್ನೋ ಪೈಕಿ. ನಮ್ಮಪ್ಪ ಐದೆಕರೆ ರಾಗಿ ಬೆಳೆದ, ಒಂದಕ್ಷರ ಬರೆದಿಡಲಿಲ್ಲ. ಮಳೆ ಏನು ಪುಸ್ತಕ ನೋಡ್ಕೊಂಡು ಬರ್ತಿತ್ತಾ? ಆದರೂ ಪುಸ್ತಕ ಚೆನ್ನಾಗಿದೆ, ದಪ್ಪ ರಟ್ಟು. ನೀರಿನ ವಿಷಯಕ್ಕೆ ಇಷ್ಟು ಹಾಳೆ ದಂಡ. ನಾನು ಬೇರೆ ವಿಷಯವನ್ನೂ ಬರೀತೀನಿ. ನಮ್ಮೂರು ಇಟ್ಟಮಡು, ಈಗ ಬನಶಂಕರಿಗೇ ಸೇರಿಹೋಗಿದೆ; ಅಲ್ಲಿನ ಸ್ಕೂಲಲ್ಲಿ ಏಳನೇ ಕ್ಲಾಸಿಗೇ ನನ್ನ ಅಕ್ಷರ ಹೆಂಗಿತ್ತು ಅಂದರೆ, ಮೇಷ್ಟ್ರು ತಮ್ಮ ರಜಾ ಅರ್ಜಿ ನನ್ನ ಕೈಲಿ ಬರೆಸ್ತಿದ್ದರು.

ಬಳಗದ ಮೆಂಬರು ನಾನಲ್ಲ, ನನ್ನ ಹೆಂಡತಿ ಗೌರಿ. ಮೂರು ವರ್ಷದಿಂದ ಹೋಗ್ತಾಳೆ. ಹೋಗಿ ಹಿಂದಿನ ಸಾಲಲ್ಲಿ ಕೂತು ಎದ್ದು ಬರ್ತಾಳೆ, ಬಾಯಿ ಬಿಡಲ್ಲ. ಜೂನ್ ತಿಂಗಳ ಮೀಟಿಂಗಿನಲ್ಲಿ ಅದೇನಾಯ್ತೋ, ಎದ್ದು ನಿಂತು, "ತುಳಸಿ ಹಬ್ಬಕ್ಕೆ ನೂರೆಂಟು ತುಳಸಿ ನಾನು ಬೆಳೆಸಿಕೊಡ್ತೀನಿ, ನಮ್ಮತ್ತೆ ಇಟ್ಟಮಡು ಅಂಗಳದಲ್ಲಿ ಇಟ್ಟಿದ್ದ ಗಿಡದ ಸಂತಾನ" ಅಂದಳಂತೆ. ಎಲ್ಲರೂ ಖುಷಿ. ಅದನ್ನು ಹಬ್ಬದ ಹಿಂದಿನ ದಿನ ಪಾರ್ಕಿನಲ್ಲಿ ಮಾರೋದು, ಬಂದಿದ್ದರಲ್ಲಿ ಹೆರಿಗೆ ಆಸ್ಪತ್ರೆ ಅಂಗಳಕ್ಕೆ ಕಲ್ಲುಬೆಂಚು ಹಾಕ್ಸೋದು ಅಂತ ತೀರ್ಮಾನ ಆಯ್ತು. ಅಲ್ಲಿ ಕಾಯೋ ಜನಕ್ಕೆ ಕೂರೋಕೆ ಜಾಗ ಇಲ್ಲ.

ಆಮೇಲೆ ಗೌರಿ ಮಂಡಿ ಕೈಕೊಟ್ಟಿತು. ಆಗಸ್ಟ್ ಕೊನೆಗೆ ಆಪರೇಷನ್. ಈಗ ವಾಕರ್ ಹಿಡಿದು ಹಾಲಿಂದ ಬಚ್ಚಲಿಗೆ, ಬಚ್ಚಲಿಂದ ಹಾಲಿಗೆ. ಟೆರೇಸಿನ ಮೆಟ್ಟಿಲು ನವೆಂಬರ್ ತನಕ ಹತ್ತಂಗಿಲ್ಲ ಅಂದಿದಾರೆ ಡಾಕ್ಟರು. ಅವಳ ಗಿಡಗಳೆಲ್ಲ ಇರೋದು ಅಲ್ಲೇ.

ಬೆಳಗ್ಗೆ ಅಂದಳು, "ರೀ, ಇವತ್ತು ಮೀಟಿಂಗಿದೆ. ಹೋಗಿ ಹೇಳ್ಬಿಡಿ. ಆಗಲ್ಲ, ತಪ್ಪಾಯ್ತು ಅನ್ನಿ." ಹೇಳುವಾಗ ಗೋಡೆ ಕಡೆ ತಿರುಗಿದ್ದಳು.

ಹೇಳೋಣ ಅಂತಲೇ ಹೋದೆ. ಅಧ್ಯಕ್ಷೆ ಸತ್ಯಭಾಮಾ ಮೇಡಂ ಕೇಳಿದರು, "ಗೌರಮ್ಮನವರ ತುಳಸಿ ಎಲ್ಲಿಗೆ ಬಂತು?" ಎದ್ದೆ. ಮಾತು ನಾಲಗೆ ತುದೀಲಿತ್ತು. ಅಷ್ಟರಲ್ಲಿ ಈ ನರೇಂದ್ರ, "ನರ್ಸರಿಯಿಂದ ತರಿಸೋಣ ಬಿಡಿ ಮೇಡಂ. ಪಾಪ, ಅವರ ಕೈಲಿ ಎಲ್ಲಾಗುತ್ತೆ" ಅಂದ. ಆ 'ಪಾಪ' ಇದೆಯಲ್ಲ, ಅದು ನೆಟ್ಟಗೆ ಬಂದು ಎದೆಗೆ ತಾಗಿತು.

"ಯಾಕ್ರೀ ನರ್ಸರಿ? ನಾನಿಲ್ವಾ? ನೀವೆಲ್ಲ ವಾಕಿಂಗ್ ಮಾಡೋ ಈ ಪಾರ್ಕಲ್ಲಿ ನಮ್ಮಪ್ಪ ಅವರೆ ಬಿತ್ತಿದ್ದ. ಅದೆಷ್ಟು, ನೂರೆಂಟಾ? ಅಷ್ಟೇನಾ?" ಅಂದೆ. ಚಪ್ಪಾಳೆ ಬಿತ್ತು. ಪುಸ್ತಕ ಕೊಟ್ಟರು.

ಗೌರಿಗೆ ಬಂದು ಹೇಳಿದೆ. "ನಲವತ್ತು ವರ್ಷದಲ್ಲಿ ನೀವು ತುಳಸಿಗೆ ಒಂದು ಚೊಂಬು ನೀರು ಹಾಕಿದ್ದು ಕಂಡಿಲ್ಲ ನಾನು" ಅಂದಳು. ಆದರೆ ಗೋಡೆ ಕಡೆ ತಿರುಗಲಿಲ್ಲ.

ಸೆಪ್ಟೆಂಬರ್ 10, ಬುಧವಾರ

ಬಿತ್ತಿದೆ.

ಗೌರಿ ಹೇಳಿದ್ದು, ಅಡುಗೆಮನೆ ಮೇಲಿನ ಹಲಗೆ ಮೇಲೆ ಸಣ್ಣ ಡಬ್ಬದಲ್ಲಿ ತುಳಸಿ ಬೀಜ ಇದೆ ಅಂತ. ತೆಗೆದು ನೋಡಿದೆ. ನಶ್ಯದ ಪುಡಿ ಹಂಗೆ ಚಿಟಿಕೆಯಷ್ಟು, ಧೂಳೋ ಬೀಜವೋ ಗೊತ್ತಾಗಲ್ಲ. ಊದಿದರೆ ಹಾರಿಹೋಗುತ್ತೆ. ಇದನ್ನ ನಂಬಿಕೊಂಡು ನೂರೆಂಟು ಗಿಡನಾ? ಅದರ ಪಕ್ಕದಲ್ಲೇ ಇನ್ನೊಂದು ದೊಡ್ಡ ಡಬ್ಬ. ಅದರಲ್ಲೂ ಅದೇ ಥರ ಬೀಜ, ಆದರೆ ಕಪ್ಪಗೆ, ತುಂಬಿಕೊಂಡು, ಹೊಳೀತಿತ್ತು. ಒಂದು ಹಿಡಿ ಇತ್ತು. ಬಿತ್ತನೆಗೆ ಯಾವತ್ತೂ ದಪ್ಪ ಬೀಜ ಆರಿಸಬೇಕು, ರಾಗಿ ಆಗಲಿ ಅವರೆ ಆಗಲಿ. ಇದನ್ನ ನನಗೆ ಯಾರೂ ಹೇಳಿಕೊಡಬೇಕಾಗಿಲ್ಲ. ದೊಡ್ಡ ಡಬ್ಬದ್ದನ್ನೇ ಟ್ರೇಗಳಿಗೆ ಹಾಕಿ ನೀರು ಚಿಮುಕಿಸಿದೆ.

ಹತ್ತು ನಿಮಿಷ ಆಗಿಲ್ಲ, ಒಂದೊಂದು ಬೀಜವೂ ಊದಿಕೊಂಡು, ಸುತ್ತ ಬೆಳ್ಳಗೆ ಲೋಳೆ ಕಟ್ಟಿ, ಕಪ್ಪೆ ಮೊಟ್ಟೆ ಥರ ಕೂತ್ಕೊಂಡಿತು! ಬೀಜದ ಶಕ್ತಿ ಅಂದರೆ ಅದು. ನನ್ನ ಕೈಗುಣವೂ ಸ್ವಲ್ಪ ಸೇರಿದೆ ಅನ್ನಿ.

ಗೌರಿ ಕೇಳಿದಳು, "ಬೀಜ ಸಾಕಾಯ್ತಾ?"

"ಮಿಕ್ಕಿತು" ಅಂದೆ.

ಸೆಪ್ಟೆಂಬರ್ 17, ಬುಧವಾರ

ಮೊಳಕೆ! ಎಲ್ಲಾ ಟ್ರೇ ತುಂಬ, ಒಂದೂ ಸುಳ್ಳಾಗಿಲ್ಲ. ನೀರು: ಬೆಳಗ್ಗೆ ಆರೂವರೆ, ಸಾಯಂಕಾಲ ಐದು. ಸಾಕಲ್ವಾ ನರೇಂದ್ರ?

ಸೆಪ್ಟೆಂಬರ್ 27, ಶನಿವಾರ

ಬಳಗದೋರ ಜೊತೆ ಹೆರಿಗೆ ಆಸ್ಪತ್ರೆ ಅಂಗಳದಲ್ಲಿ ಶ್ರಮದಾನ. ಬೆಂಚಿನ ಸುತ್ತ ಗಿಡ ಹಾಕೋಕೆ ಪಾತಿ ತೆಗೀಬೇಕು. ನರೇಂದ್ರ ಕೈಗೆ ಗ್ಲೌಸು, ತಲೆಗೆ ಟೋಪಿ, ಮಂಡಿಗೆ ಪ್ಯಾಡು ಹಾಕ್ಕೊಂಡು, ಕ್ರಿಕೆಟ್ ಆಡೋಕೆ ಬಂದವನ ಹಂಗೆ ಬಂದಿದ್ದ. ಗುದ್ದಲಿ ಹಿಡಿದಿದ್ದು ನೋಡಿ ನಗು ತಡೆಯೋಕ್ಕಾಗಲಿಲ್ಲ. "ಸಾರ್, ಅದು ಗುದ್ದಲಿ. ಪೆನ್ನಲ್ಲ" ಅಂದೆ. ಎಲ್ಲರೂ ನಕ್ಕರು. ಅವನೂ ನಕ್ಕ, ಅದು ಸ್ವಲ್ಪ ನಿರಾಸೆ ಆಯ್ತು.

ಒಂದು ಗಂಟೆಯೊಳಗೆ ಆರು ಪಾತಿ ತೆಗೆದೆ. ಮಿಕ್ಕವರೆಲ್ಲ ಸೇರಿ ನಾಲ್ಕು. ಈಗ ಸೊಂಟ ನೋಯ್ತಿದೆ, ಗೌರಿಗೆ ಹೇಳಿಲ್ಲ.

ಅಲ್ಲಿ ಒಬ್ಬ ಮುದುಕಿ ಕಾಂಪೌಂಡ್ ಪಕ್ಕ ಕುಕ್ಕರಗಾಲಲ್ಲಿ ಕೂತಿದ್ದಳು. ಮಗಳು ಒಳಗೆ. ಬೆಳಗ್ಗೆ ಐದಕ್ಕೆ ಬಂದವಳಂತೆ, ಬಿಸಿಲು ಸರಿದ ಹಂಗೆ ತಾನೂ ಸರೀತಿದ್ದಳು. "ಏನ್ ಮಾಡ್ತಿದೀರಪ್ಪ?" ಅಂದಳು. "ಇಲ್ಲಿ ಬೆಂಚು ಬರುತ್ತಮ್ಮ, ತುಳಸಿ ಹಬ್ಬ ಆದಮೇಲೆ" ಅಂದೆ. "ಅಷ್ಟೊತ್ತಿಗೆ ನಾವು ಮನೇಲಿರ್ತೀವಿ. ಬೇರೆಯೋರಿಗಾಗುತ್ತೆ, ಹಾಕ್ಸಿ" ಅಂತ ನನ್ನ ಪಕ್ಕ ಬಂದು, ಕಿತ್ತ ಕಳೆಯನ್ನ ಒಂದು ಕಡೆ ಗುಡ್ಡೆ ಹಾಕತೊಡಗಿದಳು. ಮಧ್ಯಾಹ್ನ ಗಂಡು ಮಗು ಆಯ್ತು ಅಂತ ನರ್ಸಮ್ಮ ಬಂದು ಕರೆದರು. ಮಣ್ಣಿನ ಕೈಯಲ್ಲೇ ಓಡಿದಳು.

ಅಕ್ಟೋಬರ್ 1, ಬುಧವಾರ. ಆಯುಧಪೂಜೆ

ಸ್ಕೂಟರು ತೊಳೆದು ಪೂಜೆ ಆಯ್ತು. ನೀರಿನ ಪೈಪಿಗೂ ಕುಂಕುಮ ಇಟ್ಟೆ. ಸೊಸೆ ಶೃತಿ ಟೆರೇಸಿಗೆ ಬಟ್ಟೆ ಒಣಗಿಸೋಕೆ ಬಂದವಳು, "ಮಾವ, ಏನೋ ಘಮ ಘಮ ಅಂತಿದೆಯಲ್ಲ ಇಲ್ಲಿ" ಅಂದಳು. ನನಗೆ ಮೂವತ್ತು ವರ್ಷದ ನಶ್ಯದ ಅಭ್ಯಾಸ, ಮೂಗಿಗೆ ಯಾವ ವಾಸನೆಯೂ ಹತ್ತಲ್ಲ. "ಕೈಗುಣ" ಅಂದೆ.

ಸಸಿಗಳನ್ನ ಮಣ್ಣಿನ ಕುಂಡಕ್ಕೆ ಹಾಕಿ ಆಯ್ತು. ನೂರೆಂಟು, ಮೇಲೆ ಹನ್ನೆರಡು.

ಅಕ್ಟೋಬರ್ 12, ಭಾನುವಾರ

ಇವತ್ತು ಬಳಗದ ಕಮಿಟಿ ನಮ್ಮ ಟೆರೇಸಿಗೆ ಬಂದಿತ್ತು. ಬಂದವರು ಬಾಯಿಗೆ ಕೈ ಇಟ್ಟುಕೊಂಡರು. ಗಿಡಗಳು ಅಂದರೆ ಗಿಡಗಳು!

ನರೇಂದ್ರ ಜೇಬಿಂದ ಟೇಪು ತೆಗೆದು ಅಳೆದ. "ಹನ್ನೊಂದು ಇಂಚು. ಒಂದೇ ತಿಂಗಳಿಗೆ! ಎಲೆಯೂ ಅಗಲ ಅನ್ಸುತ್ತೆ. ಯಾವ ತಳಿ ಬೋರಣ್ಣೋರೇ?"

"ಇಟ್ಟಮಡು ತಳಿ. ಇಂಟರ್ನೆಟ್ಟಲ್ಲಿ ಹುಡುಕಬೇಡಿ, ಸಿಗಲ್ಲ."

ಸತ್ಯಭಾಮಾ ಮೇಡಂ ಬಗ್ಗಿ ಮೂಸಿದರು. ಬ್ಯಾಂಕಲ್ಲಿ ಮ್ಯಾನೇಜರಾಗಿದ್ದವರು, ನೋಟು ನೋಡಿದ ಹಂಗೆ ಎಲೆ ತಿರುಗಿಸಿ ನೋಡಿದರು. "ಪರಿಮಳ ಬೇರೆ ಥರಾನೇ ಇದೆ ಕಣ್ರೀ."

"ಹಳೇ ಊರಿನ ಮಣ್ಣು ಮೇಡಂ" ಅಂದೆ. ಮಣ್ಣು ಕನಕಪುರ ರಸ್ತೆ ಅಂಗಡಿಯಿಂದ ಮೂಟೆಯಲ್ಲಿ ತಂದಿದ್ದು. ಅದನ್ನ ಹೇಳೋ ಅಗತ್ಯ ಕಾಣಲಿಲ್ಲ.

ಮೇಲಿನ ಹನ್ನೆರಡನ್ನ ಕಮಿಟಿಯವರೇ ಇವತ್ತೇ ತಗೊಂಡು ಹೋದರು. ಗ್ರೂಪಲ್ಲಿ ಫೋಟೋ ಹಾಕಿದ್ದೇ ತಡ, ಸಂಜೆಯೊಳಗೆ ನೂರೆಂಟೂ ಬುಕ್ಕಾಯ್ತು. ಜೆಪಿ ನಗರದಿಂದ, ಪುಟ್ಟೇನಹಳ್ಳಿಯಿಂದ ಫೋನು. ಎಲ್ಲರೂ ಕೇಳೋದು ಒಂದೇ: "ಗೌರಮ್ಮನವರ ಮನೆ ತುಳಸಿ, ಹಳೇ ಅಂಗಳದ್ದು, ಅದೇ ತಾನೆ?" ಬೆಳೆಸಿದ್ದು ನಾನು, ಹೆಸರು ಅವಳದ್ದು. ಇರಲಿ.

ಗೌರಿಗೆ ಒಂದು ಗಿಡ ಕೆಳಗೆ ತಂದು ತೋರಿಸಿ ಅಂತ ಆಸೆ. "ಈಗಲ್ಲ. ದೀಪಾವಳಿಗೆ ಅಲಂಕಾರ ಮಾಡಿ ತರ್ತೀನಿ, ಆಮೇಲೆ ಮಾತಾಡು" ಅಂದೆ.

"ಅಷ್ಟು ಚೆನ್ನಾಗಿ ಬಂದಿದೆಯಾ?"

"ನಿನ್ನ ಕೈಲೂ ಆಗ್ತಿರಲಿಲ್ಲ."

ಅವಳಿಗೆ ಕೋಪ ಬರುತ್ತೆ ಅಂದುಕೊಂಡೆ. ನಗ್ತಾ ಇದ್ದಳು.

ಅಕ್ಟೋಬರ್ 22, ಬುಧವಾರ. ಬಲಿಪಾಡ್ಯಮಿ

ಇವತ್ತು ಬರೆಯೋಕೇನೂ ಇಲ್ಲ.

ಅಕ್ಟೋಬರ್ 23, ಗುರುವಾರ

ಬರೀತೀನಿ. ಇದು ನನ್ನ ಪುಸ್ತಕ, ಇಲ್ಲಿ ಯಾರಿಗೆ ಹೆದರಬೇಕು?

ನಿನ್ನೆ ಎಲ್ಲಕ್ಕಿಂತ ಎತ್ತರದ ಗಿಡ ಆರಿಸಿ, ಕುಂಡಕ್ಕೆ ಸುಣ್ಣ ಕೆಮ್ಮಣ್ಣು ಬಳಿದು, ಚೆಂಡುಹೂವಿನ ಹಾರ ಹಾಕಿ ಕೆಳಗೆ ತಂದೆ. ಗೌರಿ ಸೋಫಾದ ಮೇಲೆ ಕಾಲು ನೀಡಿಕೊಂಡಿದ್ದಳು. ಮುಂದೆ ಇಟ್ಟೆ. ಕೈಮುಗಿಯೋಕೆ ಹೋದವಳು ನಿಲ್ಲಿಸಿದಳು. ಒಂದೆಲೆ ಹಿಸುಕಿ ಮೂಗಿನ ಹತ್ತಿರ ತಗೊಂಡಳು.

"ರೀ, ಇದು ಕಾಮಕಸ್ತೂರಿ."

"ಏನು?"

"ಯಾವ ಡಬ್ಬದ್ದು ಹಾಕಿದಿರಿ?"

"ದೊಡ್ಡದು."

"ಅದು ಬೇಸಿಗೇಲಿ ಪಾನಕಕ್ಕೆ ನೆನೆಸೋ ಕಾಮಕಸ್ತೂರಿ ಬೀಜ ಕಣ್ರೀ. ಸಣ್ಣ ಡಬ್ಬ ಅಂತ ಹೇಳಿದ್ದೆ."

ಶೃತಿ ಸೆರಗು ಬಾಯಿಗೆ ಇಟ್ಟುಕೊಂಡು ಅಡುಗೆಮನೆಗೆ ಹೋದಳು, ಅಲ್ಲಿಂದ ನಗೋದು ಕೇಳಿಸ್ತು. ನಾನೂ ನಗಬಹುದಿತ್ತು. ಗೌರಿ ನಗಲಿಲ್ಲ. ಬೈಯಲೂ ಇಲ್ಲ. ಬೈದಿದ್ದರೆ ನಾನೂ ನಾಲ್ಕು ಮಾತು ಆಡಿ ಮುಗಿಸ್ತಿದ್ದೆ.

ಇವತ್ತು ಬೆಳಗ್ಗೆದ್ದವನೇ ಸ್ಕೂಟರು ಹತ್ತಿ ಕನಕಪುರ ರಸ್ತೆಯ ನರ್ಸರಿಗೆ ಹೋದೆ. ಸಾಲುಸಾಲು ತುಳಸಿ, ಸಾವಿರ ಇದ್ದಾವು. "ಎಷ್ಟು ಬೇಕು ಯಜಮಾನ್ರೇ, ಗಾಡಿಗೆ ಹಾಕ್ಸಲಾ?" ಅಂದ. ಇಷ್ಟೇ ತಾನೆ! ಕುಂಡ ಬದಲಾಯಿಸಿದರೆ ಯಾರಪ್ಪಂಗೆ ಗೊತ್ತಾಗುತ್ತೆ? ಒಂದು ಗಿಡ ತೋರಿಸೋಕೆ ಅಂತ ತಂದೆ.

ಗೌರಿ ಅದರ ಎಲೆ ಸವರಿದಳು. "ಗಿಡ ಚೆನ್ನಾಗಿದೆ. ಅದರದ್ದೇನೂ ತಪ್ಪಿಲ್ಲ" ಅಂದಳು.

"ಮತ್ತೆ? ತರಿಸಲಾ?"

"ಜನ ಅತ್ತೆ ಅಂಗಳದ್ದು ಅಂತ ಬರೆಸಿದಾರೆ. ನಾನೇ ಹಂಗಂದಿದ್ದು." ಕುಂಡವನ್ನ ನನ್ನ ಕಡೆ ಸರಿಸಿದಳು. "ನಾಲ್ಕು ಜನರ ಮುಂದೆ ಎದ್ದು ನಿಂತು ಆಡಿದ್ದು ಅದೊಂದೇ ಮಾತು ರೀ ನಾನು, ಹುಟ್ಟಿದಾಗಿಂದ."

ನರ್ಸರಿ ಗಿಡವನ್ನ ಎತ್ತಿಕೊಂಡು ಹೋಗಿ ಟೆರೇಸಲ್ಲಿಟ್ಟೆ.

ಊಟ ಆದಮೇಲೆ ಅವಳೇ ಕರೆದಳು. "ಬೀಜದಿಂದ ಇನ್ನಾಗಲ್ಲ. ಆದರೆ ಬಲಿತ ಕುಡಿ ಚಿವುಟಿ ನೀರಲ್ಲಿಟ್ಟರೆ ಐದಾರು ದಿನಕ್ಕೆ ಬೇರು ಬಿಡುತ್ತೆ. ಟೆರೇಸಿನ ನಮ್ಮ ಕಟ್ಟೆ ತುಳಸಿಯಲ್ಲಿ ಮೂವತ್ತು ಕುಡಿ ಸಿಗಬಹುದು."

"ಮಿಕ್ಕಿದ್ದಕ್ಕೆ?"

"ಇಪ್ಪತ್ತು ವರ್ಷದಿಂದ ಕೇಳಿದೋರಿಗೆಲ್ಲ ಕೊಟ್ಟಿದೀನಲ್ಲ. ಅವೂ ಅದೇ ಗಿಡದ ಮಕ್ಕಳು ತಾನೆ? ಬರ್ಕೊಳ್ಳಿ."

ಅವಳು ಹೇಳ್ತಾ ಹೋದಳು, ನಾನು ಇದೇ ಪುಸ್ತಕದ ಹಿಂದಿನ ಹಾಳೇಲಿ ಬರೆದೆ. ನಲವತ್ತಮೂರು ಮನೆ! ಯಾರ ಮನೆ ಬಾಗಿಲು ಯಾವ ದಿಕ್ಕಿಗೆ, ಯಾರು ಕುಂಡದಲ್ಲಿ ಇಟ್ಟಿದಾರೆ, ಯಾರು ಕಟ್ಟೆ ಕಟ್ಟಿಸಿದಾರೆ, ಯಾರ ಗಿಡ ಒಣಗಿ ಎರಡನೇ ಸಲ ಕೊಟ್ಟಿದ್ದು, ಎಲ್ಲಾ ಬಾಯಲ್ಲೇ ಇದೆ. ಇಟ್ಟಮಡು ಅಂದರೆ ನನ್ನ ಅಂಗೈ ಅಂತ ಹೇಳ್ಕೊಂಡು ತಿರುಗ್ತೀನಿ. ಅದರಲ್ಲಿ ಅರ್ಧ ಮನೆ ನಾನು ಕಂಡಿಲ್ಲ.

"ಹೋಗಿ ಕೇಳಿದರೆ, ಯಾಕೆ ಅಂತಾರಲ್ಲ?" ಅಂದೆ.

"ಹೇಳಿ" ಅಂದಳು.

ಅಕ್ಟೋಬರ್ 24, ಶುಕ್ರವಾರ

ಮೊದಲು ಕಟ್ಟೆಯ ಗಿಡದಿಂದಲೇ ಶುರು ಮಾಡೋಣ ಅಂತ ಕತ್ತರಿ ಹಿಡಿದು ಟೆರೇಸಿಗೆ ಹೊರಟೆ. "ಶುಕ್ರವಾರ ತುಳಸಿ ಮುಟ್ಟಬಾರದು" ಅಂತ ಗೌರಿ ಕೂತಲ್ಲಿಂದಲೇ ತಡೆದಳು.

ಸರಿ, ಮನೆಗಳಿಗೆ ಹೇಳಿಯಾದರೂ ಬರೋಣ ಅಂತ ಹೊರಟೆ. ಮೊದಲನೇ ಮನೆಯಲ್ಲಿ ಯಾಕೆ ಅಂದರು. "ಇಲಿ ತಿಂದುಬಿಡ್ತು ಕಣಮ್ಮ" ಅಂದೆ. ಎರಡನೇ ಮನೆಯಲ್ಲಿ ಆಲಿಕಲ್ಲು ಅಂದೆ. ಮೂರನೇ ಮನೆಯಲ್ಲಿ ಅದೇನು ಬಾಯಿಗೆ ಬಂತೋ, ಕೋತಿ ಅಂದೆ. ಎಲ್ಲರೂ ಪಾಪ ಪಾಪ ಅಂದು, "ಇವತ್ತು ಶುಕ್ರವಾರ, ನಾಳೆ ಬನ್ನಿ" ಅಂದರು. ಒಬ್ಬರು ಮಂಗಳವಾರವೂ ಕೀಳಲ್ಲ, ಇನ್ನೊಬ್ಬರು ಭಾನುವಾರವೂ ಕೀಳಲ್ಲ, ಮಧ್ಯಾಹ್ನದ ಮೇಲೆ ಯಾರೂ ಕೀಳಲ್ಲ. ಇರೋದು ಎಂಟು ದಿನ. ಸರ್ಕಾರಿ ಆಫೀಸಾದರೂ ಇದಕ್ಕಿಂತ ಹೆಚ್ಚು ಹೊತ್ತು ತೆಗೆದಿರುತ್ತೆ.

ಮನೆಗೆ ಬಂದರೆ ಶೃತಿ ಬಾಗಿಲಲ್ಲೇ ನಿಂತಿದ್ದಳು. "ಮಾವ, ನಮ್ಮ ಟೆರೇಸಿಗೆ ಇಲಿ, ಕೋತಿ, ಆಲಿಕಲ್ಲು ಮೂರೂ ಒಟ್ಟಿಗೆ ಬಂದಿತ್ತಂತೆ? ನಾನೆಲ್ಲಿದ್ದೆ ಆವಾಗ?" ಆ ಮೂರು ಮನೆಯೋರೂ ಒಂದೇ ಚೀಟಿ ಗುಂಪಂತೆ. ನಂಗೇನು ಗೊತ್ತು?

ಗೌರಿ ಒಳಗಿಂದ ನಕ್ಕಳು. ಬುಧವಾರದಿಂದ ಮೊದಲನೇ ಸಲ. ಆ ಮಟ್ಟಿಗೆ ಸುಳ್ಳು ದಂಡ ಆಗಲಿಲ್ಲ.

ಅಕ್ಟೋಬರ್ 25, ಶನಿವಾರ

ಬೆಳಗ್ಗೆ ಏಳಕ್ಕೆ ಗಂಗಯ್ಯನ ಮನೆ. ಅವನೂ ನಾನೂ ಒಂದೇ ಬೆಂಚು, ಅವನು ಆರನೇ ಕ್ಲಾಸಿಗೇ ನಿಂತ. ಇವನ ಹತ್ತಿರ ಕೋತಿ ಕತೆ ನಡೆಯಲ್ಲ. ಕಣ್ಣು ಮುಚ್ಚಿಕೊಂಡು ಹೇಳಿದೆ. "ತುಳಸಿ ಅಂತ ಕಾಮಕಸ್ತೂರಿ ಹಾಕ್ಬಿಟ್ಟೆ ಕಣೋ."

"ಎಷ್ಟು?"

"ನೂರಿಪ್ಪತ್ತು."

ಗಂಗಯ್ಯ ಹಲ್ಲುಸೆಟ್ಟು ಕೈಲಿ ಹಿಡ್ಕೊಂಡು ನಕ್ಕ. "ಲೋ ಬೋರ, ಪಾರ್ಕಲ್ಲಿ ಮೈಕು ಹಿಡ್ಕೊಂಡು ಬೇಸಾಯ ಹೇಳಿಕೊಡ್ತಿದ್ದೆಯಂತಲ್ಲೋ!" ಹೆಂಡತಿನ ಕರೆದ, ಸೊಸೇನ ಕರೆದ, ಬಾಡಿಗೆಯೋರನ್ನೂ ಕರೆದ. "ಇನ್ನೊಂದ್ಸಲ ಹೇಳು, ಇವರು ಕೇಳಿಲ್ಲ" ಅಂದ. ಹೇಳಿದೆ. ಎಲ್ಲರೂ ಬಿದ್ದು ಬಿದ್ದು ನಕ್ಕು, ಆಮೇಲೆ ಅವನ ಹೆಂಡತಿ ಸ್ನಾನ ಮಾಡಿ ಬಂದು, ಕೈಮುಗಿದು, ಹದಿನಾಲ್ಕು ಕುಡಿ ಚಿವುಟಿ ಒದ್ದೆ ಬಟ್ಟೆಯಲ್ಲಿ ಸುತ್ತಿಕೊಟ್ಟರು. "ಗೌರಕ್ಕ ಕೊಟ್ಟಿದ್ದೇ ಅಲ್ವಾ, ತಗೊಂಡೋಗಿ. ನಮ್ಮ ಸೊಸೆಗೆ ಜ್ವರ ಬಂದಾಗ ಗೌರಕ್ಕ ಮೂರು ದಿನ ಗಂಜಿ ತಂದುಕೊಟ್ಟಿದ್ದು ನಾವು ಮರೆತಿಲ್ಲ" ಅಂದರು. ಇದೂ ನನಗೆ ಹೊಸದು.

ಆಮೇಲೆ ನಿಜ ಹೇಳೋದು ಸಲೀಸಾಯ್ತು. ಹನ್ನೊಂದು ಮನೆ ಮುಗಿಸಿದೆ, ಇಲಿ ಕೋತಿ ಆಲಿಕಲ್ಲು ಮನೆಗಳೂ ಸೇರಿ. ನಾಲ್ಕನೇ ಮನೆ ಹೊತ್ತಿಗೆ ಕತೆಗೆ ಒಂದು ಹದ ಬಂದಿತ್ತು. ಬೀಜ ಲೋಳೆ ಕಟ್ಟಿದ್ದು, ನಾನು ಬೀಗಿದ್ದು, ನರೇಂದ್ರ ಟೇಪು ಹಿಡಿದಿದ್ದು, ಎಲ್ಲಾ ಸೇರಿಸಿ ಹೇಳಿದರೆ ಜನ ಕಾಫಿ ಕೊಡದೆ ಕಳಿಸಲ್ಲ. ಏಳು ಕಾಫಿ ಆಯ್ತು ಇವತ್ತು.

ಮನೆಯ ಸ್ಟೀಲ್ ಲೋಟಗಳೆಲ್ಲ ಹಾಲಿನಲ್ಲಿ ಸಾಲಾಗಿ ಕೂತಿವೆ. ಗೌರಿ ಒಂದೊಂದು ಕುಡಿಯ ಕೆಳಗಿನ ಎಲೆ ಬಿಡಿಸಿ, ಓರೆಯಾಗಿ ಕತ್ತರಿಸಿ, ನೀರಿಗೆ ಇಡ್ತಾಳೆ. ನಾನು ಲೋಟ ತುಂಬಿಕೊಡ್ತೀನಿ. ನಮಗೆ ನೀರು ಕುಡಿಯೋಕೆ ಚೊಂಬೇ ಗತಿ.

ಅಕ್ಟೋಬರ್ 26, ಭಾನುವಾರ

ನರೇಂದ್ರನ ಮನೆ. ಇದನ್ನ ಕೊನೆಗೆ ಇಟ್ಟುಕೊಳ್ಳೋಣ ಅಂತಿದ್ದೆ. ಆದರೆ ಬೇರೆಯೋರ ಬಾಯಿಂದ ಗೊತ್ತಾಗೋ ಮೊದಲು ಹೇಳಬೇಕು ಅಂದಳು ಗೌರಿ. ಸತ್ಯಭಾಮಾ ಮೇಡಂಗೂ ಅಲ್ಲಿಗೇ ಬರೋಕೆ ಹೇಳಿದ್ದೆ.

ಅವನ ಮನೆ ಬಾಗಿಲಲ್ಲೇ ನನ್ನ ಗಿಡ, ದೀಪ ಹಚ್ಚಿ, ರಂಗೋಲಿ ಹಾಕಿದಾರೆ. ನೋಡಿ ಕತೆ ಎಲ್ಲಾ ಮರೆತುಹೋಯ್ತು. ಸೀದಾ ಹೇಳಿದೆ. "ಸಾರ್, ಅದು ತುಳಸಿ ಅಲ್ಲ. ಕಾಮಕಸ್ತೂರಿ. ತಪ್ಪು ನನ್ನದು, ಗೌರಿಯದ್ದಲ್ಲ. ಅವಳು ಸರಿಯಾದ ಡಬ್ಬಾನೇ ಹೇಳಿದ್ದಳು."

ನರೇಂದ್ರ ಕನ್ನಡಕ ತೆಗೆದ, ಒರೆಸಿದ, ಹಾಕ್ಕೊಂಡ. "ಹದಿನಾಲ್ಕು ದಿನದಿಂದ ಬೆಳಗ್ಗೆ ಐದೈದು ಎಲೆ ತಿಂತಿದೀನಲ್ರೀ, ಶೀತಕ್ಕೆ ಅಂತ."

"ಅಯ್ಯೋ. ಮತ್ತೆ?"

"ಹೋಯ್ತು!"

"ಏನು ಹೋಯ್ತು?"

"ಶೀತ!" ಅಂದವನೇ ಸೋಫಾದ ಮೇಲೆ ಉರುಳಿ ನಕ್ಕ. ಮೇಡಂ ಕಣ್ಣಲ್ಲಿ ನೀರು ಬರೋ ತನಕ ನಕ್ಕರು. ಹೊಟ್ಟೆಗೇನೂ ಆಗಲ್ಲ, ಜನ ಪಾನಕಕ್ಕೆ ಹಾಕ್ತಾರೆ ಅಂತ ಧೈರ್ಯ ಹೇಳಿದೆ. ಮನೆಮನೆಯಿಂದ ಕುಡಿ ತರ್ತಿರೋದನ್ನೂ ತಿಳಿಸಿದೆ.

ಆಮೇಲೆ ಮೇಡಂ ಗಂಭೀರ ಆದರು. "ಬುಕ್ ಮಾಡಿರೋರಿಗೆಲ್ಲ ಇವತ್ತೇ ನಿಜ ತಿಳಿಸಬೇಕು. ಬೇಡ ಅನ್ನೋರಿಗೆ ಬೇಡ. ಗ್ರೂಪಿಗೆ ನೀವೇ ಬರೀತೀರಾ?" ಬರೆದೆ. ನಾಲ್ಕೇ ಸಾಲು. ಶೃತಿ ಓದಿ, "ಮಾವ, ಇದರಲ್ಲಿ ನಿಮ್ಮ ಬಗ್ಗೆ ಏನೂ ಇಲ್ಲ?" ಅಂದಳು. ಇದೆಯಲ್ಲ, ತಪ್ಪು ನನ್ನದು ಅಂತ.

ಬೇಡ ಅಂದವರು ಇಬ್ಬರು. ಅದರಲ್ಲೊಬ್ಬರು ಸಂಜೆಗೆ ಮತ್ತೆ ಬೇಕು ಅಂದರು, ಇನ್ನೊಬ್ಬರ ಜಾಗಕ್ಕೆ ಹೊಸಬರು ಬರೆಸಿದರು.

ನರೇಂದ್ರ ನಾಳೆಯಿಂದ ಕಾರು ತರ್ತಾನಂತೆ. ನಲವತ್ತಮೂರು ಮನೆಗೆ ನಕ್ಷೆ ಹಾಕಿದಾನೆ, ಯಾವ ಮನೆಯಲ್ಲಿ ಯಾವ ವಾರ ಕೀಳಬಾರದು ಅನ್ನೋದು ಸಮೇತ. ಇಂಜಿನಿಯರು ಅಂದರೆ ಸುಮ್ಮನೆ ಅಲ್ಲ.

ಅಕ್ಟೋಬರ್ 28, ಮಂಗಳವಾರ

ಮಿಕ್ಕಿರೋ ಮನೆಗಳಲ್ಲಿ ಇವತ್ತು ಕೀಳಂಗಿಲ್ಲ. ಹಾಲಲ್ಲಿ ಲೋಟ, ಬಾಟಲಿ, ಉಪ್ಪಿನಕಾಯಿ ಜಾಡಿ. ಕುಡಿ ಒಟ್ಟು ನೂರ ಅರವತ್ತೆರಡು. ಗೌರಿ ವಾಕರ್ ಹಿಡಿದು ಸಾಲಿನ ನಡುವೆ ಓಡಾಡ್ತಾಳೆ. ಫಿಸಿಯೋ ಹುಡುಗಿ ಚೈತ್ರ ಬಂದು ನೋಡಿ, "ಆಂಟಿ, ನಾನು ಹೇಳಿದಾಗ ಹತ್ತು ಹೆಜ್ಜೆಗೇ ಸುಸ್ತು ಅಂತಿದ್ರಲ್ಲ!" ಅಂದಳು.

ಅಕ್ಟೋಬರ್ 30, ಗುರುವಾರ

ಬೇರು ಬಂತು! ಬೆಳಗ್ಗೆ ಗೌರಿ ಕೂಗಿದಳು. ಗಂಗಯ್ಯನ ಮನೆಯ ಕುಡಿಗೆ ಮೊದಲು. ಬಿಳೀ ಕೂದಲೆಳೆ, ಕನ್ನಡಕ ಹಾಕ್ಕೊಂಡರೇ ಕಾಣೋದು. ಇಬ್ಬರೂ ಲೋಟ ಕಿಟಕಿಗೆ ಹಿಡಿದು ನೋಡಿದೆವು. ಒಂದಷ್ಟು ಕುಡಿ ಕಪ್ಪಾಗಿವೆ, ತೆಗೆದೆವು. ಮಿಕ್ಕಿದ್ದನ್ನ ಇವತ್ತಿಂದ ಕುಂಡಕ್ಕೆ. ಕಾಮಕಸ್ತೂರಿಗಳನ್ನ ನರೇಂದ್ರನ ಕಾರಲ್ಲಿ ಎರಡು ಟ್ರಿಪ್ಪು ಹೊಡೆದು ಆಸ್ಪತ್ರೆ ಪಾತಿಗಳಿಗೆ ನೆಟ್ಟು ಬಂದೆವು. ನರೇಂದ್ರ ಗುದ್ದಲಿ ಈಗ ಸುಮಾರಾಗಿ ಹಿಡೀತಾನೆ.

ನವೆಂಬರ್ 1, ಶನಿವಾರ

ಪಾರ್ಕಿನಲ್ಲಿ ಒಂದು ಕಡೆ ರಾಜ್ಯೋತ್ಸವದ ಬಾವುಟ, ಒಂದು ಕಡೆ ನಮ್ಮ ಮೇಜು. ಗಟ್ಟಿಯಾಗಿ ನಿಂತದ್ದು ನೂರಾ ಒಂದು ಗಿಡ. ಗೇಣುದ್ದ ಒಂದೊಂದೂ, ನೋಡೋಕೆ ಏನೂ ಅಲ್ಲ. ಜನ ಬಂದು ನೋಡಿ ಮುಖ ಸಣ್ಣ ಮಾಡ್ಕೊಂಡರೆ ಏನು ಗತಿ ಅಂತ ಕುಂಡಗಳನ್ನ ಎರಡೆರಡು ಸಲ ಜೋಡಿಸಿದೆ.

ಗೌರಿ ಆಟೋದಲ್ಲಿ ಬಂದಳು. ಒಂದು ಕೈ ಕೋಲು, ಒಂದು ಕೈ ಶೃತಿ. ಮೇಡಂ ಮೈಕು ನನ್ನ ಕಡೆ ಚಾಚಿದರು. ನಾನು ಗೌರಿಗೆ ಕೊಟ್ಟೆ, ಗಿಡದ ವಿಷಯ ಅವಳಿಗೇ ಗೊತ್ತಿರೋದು. ಕೋಲನ್ನ ಶೃತಿ ಕೈಗೆ ಕೊಟ್ಟು ಮೈಕು ಹಿಡಿದಳು.

"ಬೇರು ಎಳೇದು. ಎಂಟು ದಿನ ಬಿಸಿಲಿಗೆ ಇಡಬೇಡಿ. ನೀರು ಕಮ್ಮಿ ಹಾಕಿ, ಪ್ರೀತಿ ಜಾಸ್ತಿಯಾಗಿ ಕೊಳೆಸಬೇಡಿ. ಇದು ನಮ್ಮತ್ತೆ ಇಟ್ಟಿದ್ದ ಗಿಡ. ನಲವತ್ತಮೂರು ಮನೆ ತಿರುಗಿ ಬಂದಿದೆ. ನೂರೆಂಟು ಅಂದಿದ್ದೆ, ನೂರಾ ಒಂದಾಗಿದೆ. ಮಿಕ್ಕಿದ್ದು ಇನ್ನೂ ಲೋಟದಲ್ಲಿದೆ, ಬೇರು ಬಿಟ್ಟ ತಕ್ಷಣ ನಾನೇ ಕಳಿಸ್ತೀನಿ."

ಅಷ್ಟೇ. ಕೂತಳು. ಜನ ಚಪ್ಪಾಳೆ ನಿಲ್ಲಿಸೋಕೆ ಹೊತ್ತಾಯ್ತು.

ಎಲ್ಲಾ ಹೋಯ್ತು. ಗಿಡ ಸಿಗದ ಏಳು ಜನ ಗೌರಿ ಹತ್ತಿರ ಬಂದು, ಕಾಯ್ತೀವಿ ಅಂತ ಹೇಳಿ, ಅವಳ ಫೋನ್ ನಂಬರ್ ಬರ್ಕೊಂಡು ಹೋದರು. ನನ್ನ ನಂಬರ್ ಯಾರೂ ಕೇಳಲಿಲ್ಲ. ಕಲ್ಲುಬೆಂಚಿನೋನಿಗೆ ಮೇಡಂ ಅಲ್ಲಿಂದಲೇ ಫೋನ್ ಮಾಡಿದರು. ಸೋಮವಾರ ಇಳಿಸ್ತಾನೆ.

ನವೆಂಬರ್ 2, ಭಾನುವಾರ. ತುಳಸಿ ಹಬ್ಬ

ಡಾಕ್ಟರು ಹೂಂ ಅಂದಿದ್ದಕ್ಕೆ ಗೌರಿ ಸಂಜೆ ಟೆರೇಸಿಗೆ ಹತ್ತಿದಳು. ಹದಿನೆಂಟು ಮೆಟ್ಟಿಲು, ನಾನು ಹಿಂದೆ. ಒಂದೊಂದಕ್ಕೂ ಒಳ್ಳೇ ಕಾಲು ಮೊದಲು. ನನ್ನ ಉಸಿರು ಅವಳಿಗಿಂತ ಜಾಸ್ತಿ ಹೋಯ್ತು.

ನಮ್ಮ ಕಟ್ಟೆಯ ತುಳಸಿಯನ್ನ ಕುಡಿಗೋಸ್ಕರ ಬೋಳಿಸಿಬಿಟ್ಟಿದ್ದೀವಲ್ಲ, ಗೇಣು ಮೋಟು, ಅದಕ್ಕೆ ನಾಲ್ಕೆಲೆ. ಪಕ್ಕದಲ್ಲಿ ಮದುಮಗ ಅಂತ ನಿಲ್ಲಿಸೋಕೆ ನಾನು ತಂದ ನೆಲ್ಲಿ ಕೊಂಬೆ, ನನ್ನೆತ್ತರ, ಕಾಯಿ ತುಂಬಿ ಜೋಲ್ತಿತ್ತು. ಮಾರ್ಕೆಟ್ಟಲ್ಲಿ ಇದ್ದಿದ್ದರಲ್ಲೇ ದೊಡ್ಡದು ಆರಿಸಿದ್ದೆ. ನೆಟ್ಟು ನೋಡಿದರೆ ಮದುಮಗಳು ಅವನ ಮಂಡಿಗೂ ಬರಲ್ಲ. ಗೌರಿ ಆರತಿ ತಟ್ಟೆ ಕೆಳಗಿಟ್ಟು, ಕಟ್ಟೆ ಮೇಲೆ ಕೂತು, ಹೊಟ್ಟೆ ಹಿಡ್ಕೊಂಡು ನಕ್ಕಳು. ಶೃತಿ ಫೋಟೋ ತೆಗೆದು ಬಳಗದ ಗ್ರೂಪಿಗೆ ಹಾಕಿದಳು.

ಗ್ರೂಪಲ್ಲಿ ಆಗಲೇ ಎಲ್ಲರ ಮನೆ ತುಳಸಿ ಫೋಟೋ ಬರ್ತಿತ್ತು. ದೀಪ, ಹೂವು, ರೇಷ್ಮೆ ಕಣ. ನಮ್ಮದು ನೋಡಿ ನರೇಂದ್ರ ಬರೆದ, "ಗೌರಮ್ಮನವರೇ, ಎಲ್ಲರ ಮನೆ ಮದುಮಗಳೂ ಇಷ್ಟು ಚೆನ್ನಾಗಿದಾಳೆ, ನಿಮ್ಮನೇದು ಯಾಕೆ ಹೀಗೆ?"

ಗೌರಿಗೆ ಟೈಪ್ ಮಾಡೋಕೆ ಬರಲ್ಲ. ಫೋನು ಬಾಯಿ ಹತ್ತಿರ ತಗೊಂಡು ಹೇಳಿದಳು, "ನೂರಾ ಒಂದು ಮನೇಲಿ ಮದುವೆ ಸಾರ್ ಅವಳಿಗೆ ಇವತ್ತು. ನಮ್ಮನೇಲಿ ತಲೆ ಬಾಚ್ಕೊಳ್ಳೋಕೂ ಪುರುಸೊತ್ತಿಲ್ಲ."

ಎಷ್ಟು ಚೆನ್ನಾಗಿ ಹೇಳಿದಳು. ನಾನು ಬರೀ ಬಟನ್ ಒತ್ತಿ ಹಿಡಿದಿದ್ದೆ.